ಟ್ರಂಪೆಟ್ಟಿನಲ್ಲಿ ಇಲ್ಲದ ಗಾಂಧಾರ

ಟ್ರಂಪೆಟ್ಟಿಗೆ ಇರುವುದು ಮೂರೇ ವಾಲ್ವು. ನಡುವಿನದನ್ನು ಒತ್ತಿದರೆ ಸ್ವರ ಒಂದು ಮನೆ ಇಳಿಯುತ್ತದೆ, ಮೊದಲನೆಯದಕ್ಕೆ ಎರಡು ಮನೆ, ಮೂರನೆಯದಕ್ಕೆ ಮೂರು. ನಾನು ಹೇಳುತ್ತಿರುವುದು ಹಾರ್ಮೋನಿಯಂ ಮನೆಗಳ ಲೆಕ್ಕ. ಈ ಮೂರನ್ನು ಹೇಗೆ ಕೂಡಿಸಿದರೂ ಸಿಗುವುದು ಹಾರ್ಮೋನಿಯಮ್ಮಿನಲ್ಲಿರುವ ಆ ಹನ್ನೆರಡು ಸ್ವರಗಳೇ. ಆದರೆ ನನಗೆ ಬೇಕಿದ್ದದ್ದು ಅಕ್ಕಪಕ್ಕದ ಮನೆಗಳಾದ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಟ್ಟನಡುವೆ ಇರುವ ಸ್ವರ. ಜಾರುವಾಗ ಅದನ್ನು ಮುಟ್ಟಿ ಓಡಿಹೋಗುವುದು ಯಾರಿಗಾದರೂ ಆಗುತ್ತದೆ. ಅದರ ಮೇಲೆ ನಿಂತು, ಉಸಿರು ಮುಗಿಯುವ ತನಕ ಅಲ್ಲಾಡದೆ ಹಿಡಿಯಬೇಕು ಅಂದಾಗ ಕಷ್ಟ ಗೊತ್ತಾಗುತ್ತದೆ. ಕೆಲವು ವರ್ಷಗಳಿಂದ ನನ್ನ ಸಂಜೆಗಳು ಹೆಚ್ಚುಕಡಿಮೆ ಇದಕ್ಕೇ ಹೋಗಿವೆ.

ಈ ಹುಚ್ಚಿಗೆ ಕಾರಣ ಅಮೀರ್ ಎಲ್‌ಸಫಾರ್. ಅಪ್ಪ ಇರಾಕಿ, ಅಮ್ಮ ಅಮೆರಿಕದವರು. 1977ರಲ್ಲಿ ಶಿಕಾಗೋ ಪಕ್ಕದಲ್ಲಿ ಹುಟ್ಟಿದ ಟ್ರಂಪೆಟ್ ವಾದಕ, ಸಂಗೀತ ಸಂಯೋಜಕ. ಸಂತೂರ್ ನುಡಿಸುತ್ತಾರೆ, ಹಾಡುತ್ತಾರೆ. ನಾನು ಅವರ ಬಳಿಗೆ ಬಂದದ್ದು ಮಾತ್ರ ಮಂಗಳೂರಿನ ದಾರಿಯಿಂದ. ಕದ್ರಿ ಗೋಪಾಲನಾಥರು ಅಮೆರಿಕದ ಆಲ್ಟೊ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ನುಡಿಸಿದ 'ಕಿನ್ಸ್‌ಮೆನ್' ಎಂಬ ಆಲ್ಬಂ 2008ರಲ್ಲಿ ಬಂತು. ಮಹಾಂತಪ್ಪ ಅನ್ನುವ ಹೆಸರು ಕಂಡರೆ ನಮ್ಮವರು ಬಿಟ್ಟಾರೆಯೇ, ಅವರು ನುಡಿಸಿದ್ದನ್ನೆಲ್ಲ ಹುಡುಕಿ ಕೇಳಲು ಕೂತೆ. ಹಾಗೆ ಹುಡುಕುವಾಗ ಅದೇ ಪೈ ರೆಕಾರ್ಡಿಂಗ್ಸ್ ಕಂಪನಿಯಿಂದ ಒಂದು ವರ್ಷ ಮೊದಲು ಬಂದಿದ್ದ 'ಟು ರಿವರ್ಸ್' ಸಿಕ್ಕಿತು. ಟೈಗ್ರಿಸ್ ಮತ್ತು ಯೂಫ್ರೆಟಿಸ್, ಆ ಎರಡು ನದಿಗಳು. ಅಲ್ಲಿಯೂ ಆಲ್ಟೊ ಮಹಾಂತಪ್ಪ ಅವರದೇ, ಬಾಸ್ ನುಡಿಸಿದ ಕಾರ್ಲೊ ಡಿರೋಸಾ ಎರಡೂ ಆಲ್ಬಮ್ಮಿನಲ್ಲಿದ್ದಾರೆ. ಜೊತೆಗೆ ಊದ್, ಬುಜುಕ್ ಎಂಬ ಅರಬ್ ತಂತಿವಾದ್ಯಗಳಿವೆ, ನಶೀತ್ ವೇಟ್ಸ್ ಡ್ರಮ್ಸ್ ಇದೆ. ನಡುವೆ ಟ್ರಂಪೆಟ್ ಒಂದು ಸ್ವರದ ಮೇಲೆ ಬಂದು ಕೂತಿತು ನೋಡಿ, ನಾನು ಚಿಕ್ಕಂದಿನಿಂದ ಊದಿದ ವಾದ್ಯದಲ್ಲಿ ಆ ಸ್ವರ ಇಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಇತ್ತು.

ನನ್ನದು ಮೈಸೂರು. ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಹಿಡಿದ ಒಬ್ಬಳೇ ಹುಡುಗಿ. ಕಲಿಸುತ್ತಿದ್ದವರು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಮೇಷ್ಟ್ರು, ದಸರಾದಲ್ಲಿ ಅರಮನೆ ಮುಂದೆ ನುಡಿಸಿದವರು. "ತುಟಿ ಬಿಗಿ ಹಿಡಿಯಮ್ಮಾ, ಸ್ವರ ತಾನಾಗಿ ಬರತ್ತೆ" ಅನ್ನುವುದು ಅವರ ಸಕಲ ಪಾಠ. ಬೆಳಿಗ್ಗೆ ಟ್ರಂಪೆಟ್, ಸಂಜೆ ಪಕ್ಕದ ಬೀದಿಯಲ್ಲಿ ಹಾಡಿನ ಪಾಠ, ವರ್ಣದ ತನಕ. ಮದುವೆಯಾಗಿ ಶಿಕಾಗೋ ಹೊರವಲಯಕ್ಕೆ ಬಂದ ಮೇಲೆ ಹಾಡು ನಿಂತಿತು, ಟ್ರಂಪೆಟ್ ಉಳಿಯಿತು. ವಾರಾಂತ್ಯದಲ್ಲಿ ಜಾಝ್ ನುಡಿಸುವ ಒಂದು ಸಣ್ಣ ಗುಂಪು ಸಿಕ್ಕಿತು: ಪಿಯಾನೋ, ಬಾಸ್, ಡ್ರಮ್ಸ್, ನಾನು. ಕರ್ನಾಟಕ ಸಂಗೀತದ ಕಿವಿ, ಜಾಝ್‌ನ ಬೆರಳು, ಇನ್ನು ಅರಬ್ಬರ ರಾಗಪದ್ಧತಿಯಾದ ಮಕಾಮ್ ಏನು ಮಹಾ ಅಂದುಕೊಂಡೇ ಶುರು ಮಾಡಿದ್ದು.

ಎಲ್‌ಸಫಾರ್ ಕಲಿತ ದಾರಿ ಓದಿದರೆ ಆ ಧೈರ್ಯ ಇಳಿಯಬೇಕಿತ್ತು. ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಟ್ರಂಪೆಟ್ ಓದಿದವರು, ಆಮೇಲೆ ನ್ಯೂಯಾರ್ಕಿನಲ್ಲಿ ಜಾಝ್ ಪಿಯಾನೋ ವಾದಕ ಸೆಸಿಲ್ ಟೇಲರ್ ಅಂಥವರ ಜೊತೆ ನುಡಿಸಿದವರು. 2001ರಲ್ಲಿ ಕಾರ್ಮೈನ್ ಕರುಸೊ ಹೆಸರಿನ ಜಾಝ್ ಟ್ರಂಪೆಟ್ ಸ್ಪರ್ಧೆ ಗೆದ್ದರು. ಆ ಹಣ ಕೈಗೆ ಬಂದಾಗ ಬೇರೆ ಯಾರಾದರೂ ಆಲ್ಬಂ ಮಾಡುತ್ತಿದ್ದರು. ಇವರು 2002ರಲ್ಲಿ, ಯುದ್ಧದ ಮೋಡ ಕವಿದಿದ್ದ ಹೊತ್ತಿನಲ್ಲಿ, ಬಾಗ್ದಾದಿಗೆ ಹೋಗಿ ಮಕಾಮ್ ಕಲಿಯಲು ಕೂತರು. ಆಮೇಲೆ ಊರು ಬಿಟ್ಟು ಯುರೋಪಿನಲ್ಲಿ ಚದುರಿದ್ದ ಗುರುಗಳನ್ನು ಹುಡುಕಿಕೊಂಡು ಹೋದರು. ಲಂಡನ್ನಿನಲ್ಲಿ ಇರಾಕಿ ಮಕಾಮ್ ಗಾಯಕ ಹಾಮಿದ್ ಅಲ್-ಸಾದಿ ಅವರ ಹತ್ತಿರ ಕಲಿತದ್ದು ಟ್ರಂಪೆಟ್ ಅಲ್ಲ, ಹಾಡುಗಾರಿಕೆ. ಜೊತೆಗೆ ಸಂತೂರ್. ಅಂದರೆ ಟ್ರಂಪೆಟ್ ವಾದಕನೊಬ್ಬ ತನ್ನ ವಾದ್ಯವನ್ನು ಪಕ್ಕಕ್ಕಿಟ್ಟು ವರ್ಷಗಟ್ಟಲೆ ಬೇರೆಯದನ್ನು ಅಭ್ಯಾಸ ಮಾಡಿದ. ಇದನ್ನು ನಾನು ಓದಿ ಮೆಚ್ಚಿಕೊಂಡೆ, ನನಗೆ ಅನ್ವಯಿಸಿಕೊಳ್ಳಲಿಲ್ಲ. ನೆಟ್ಟಗೆ ಸ್ಲೈಡಿಗೆ ಕೈ ಹಾಕಿದೆ.

ಸ್ಲೈಡ್ ಅಂದರೆ ವಾಲ್ವಿಗೆ ಸೇರಿದ, ಹೊರಗೆಳೆಯಬಹುದಾದ ಬಾಗಿದ ಕೊಳವೆ. ಟ್ರಂಪೆಟ್ಟಿನ ಸುರುಳಿ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು ಒಂದೂವರೆ ಮೀಟರ್ ಉದ್ದ ಬರುತ್ತದೆ. ಕಾಲು ಸ್ವರ, ಅಂದರೆ ಅರ್ಧ ಮನೆ, ಇಳಿಯಬೇಕಾದರೆ ಆ ಉದ್ದ ನೂರಕ್ಕೆ ಮೂರರಷ್ಟು ಹೆಚ್ಚಬೇಕು. ಸ್ಲೈಡಿಗೆ ಎರಡು ಕಾಲು, ಹಾಗಾಗಿ ಎಳೆಯಬೇಕಾದದ್ದು ಅದರ ಅರ್ಧ: ಎರಡು ಸೆಂಟಿಮೀಟರಿಗಿಂತ ಚೂರು ಜಾಸ್ತಿ. ವಾಲ್ವ್ ಒತ್ತಿದಾಗ ಕೊಳವೆ ಇನ್ನೂ ಉದ್ದವಾಗಿರುತ್ತದಲ್ಲ, ಆಗ ಎರಡೂವರೆ ಬೇಕು. ಮೊದಲ ಸ್ಲೈಡಿಗೆ ಎಡಗೈ ಹೆಬ್ಬೆರಳು, ಮೂರನೆಯದಕ್ಕೆ ಉಂಗುರದ ಬೆರಳು. ಎಲ್ಲ ಟ್ರಂಪೆಟ್ ವಾದಕರಿಗೂ ಇದು ಗೊತ್ತು, ಕೆಲವು ಸ್ವರಗಳು ಹುಟ್ಟಾ ಮೇಲಿರುವುದರಿಂದ ಒಂದು ಕೂದಲೆಳೆಯಷ್ಟು ಎಳೆದು ಸರಿಮಾಡಿಕೊಳ್ಳುತ್ತಾರೆ. ಎಲ್‌ಸಫಾರ್ ಹಾಗೂ ಈ ದಾರಿ ಹಿಡಿದ ಇತರರು ಮಾಡಿದ್ದು ಆ ಸಣ್ಣ ತಿದ್ದುಪಡಿಯನ್ನೇ ಹಿಗ್ಗಿಸಿ ಸ್ವರವಾಗಿ ಮಾಡಿಕೊಂಡದ್ದು.

ತೊಡಕು ಇರುವುದು ಇಲ್ಲಿ: ವಾಲ್ವ್ ಒತ್ತದಿದ್ದರೆ ಅದರ ಸ್ಲೈಡ್ ಎಳೆದೂ ಪ್ರಯೋಜನವಿಲ್ಲ, ಗಾಳಿ ಆ ಕಡೆ ಹೋಗುವುದೇ ಇಲ್ಲ. ನಡುವಿನ ವಾಲ್ವಿನ ಸ್ಲೈಡೋ ಪುಟ್ಟದು, ನುಡಿಸುತ್ತಾ ಎಳೆಯುವುದು ಅಸಾಧ್ಯ. ಹಾಗಾಗಿ ಯಾವ ಸ್ವರವನ್ನು ಷಡ್ಜ ಮಾಡಿಕೊಳ್ಳಬೇಕು ಅನ್ನುವುದನ್ನು ಕಂಠವಲ್ಲ, ಹೆಬ್ಬೆರಳು ತೀರ್ಮಾನಿಸುತ್ತದೆ. ಬಯಾತಿ ಎಂಬ ಮಕಾಮ್ ತಗೊಳ್ಳಿ. ಅದರ ಎರಡನೆಯ ಸ್ವರ ನಮ್ಮ ಶುದ್ಧ ರಿಷಭಕ್ಕಿಂತ ಮೇಲೆ, ಚತುಶ್ರುತಿಗಿಂತ ಕೆಳಗೆ. ಟ್ರಂಪೆಟ್ಟಿನ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಡಿ ಎಂದು ಬರೆಯುವ ಸ್ವರದಿಂದ ಶುರು ಮಾಡಿದರೆ ಆ ಎರಡನೆಯ ಸ್ವರಕ್ಕೆ ಒಂದು ಮತ್ತು ಎರಡನೆಯ ವಾಲ್ವ್ ಒತ್ತಿ ಮೊದಲ ಸ್ಲೈಡನ್ನು ಪೂರ್ತಿ ಎಳೆದರೆ ಸರಿಹೋಗುತ್ತದೆ. ಉಳಿದ ಚೂರನ್ನು ತುಟಿ ಸಡಿಲಿಸಿ ಇಳಿಸಬಹುದು. ಆದರೆ ಊದ್ ನುಡಿಸುವವರು ಬಯಾತಿಯನ್ನು ಅವರ ಡಿ ಇಂದ ನುಡಿಸುತ್ತಾರೆ, ಅವರ ಬಿಡಿ ತಂತಿಗಳು ಮೊಳಗುವುದು ಅಲ್ಲಿ. ಅವರ ಡಿ ನನಗೆ ಇ. ಬಿ ಫ್ಲ್ಯಾಟ್ ಟ್ರಂಪೆಟ್ಟಿನ ಹಣೆಬರಹ ಅದು, ಬರೆದದ್ದಕ್ಕಿಂತ ಎರಡು ಮನೆ ಕೆಳಗೆ ನುಡಿಯುತ್ತದೆ. ಇ ಇಂದ ಹೊರಟರೆ ಬೇಕಾದ ಸ್ವರ ಬರುವುದು ಬರಿಯ ನಡುವಿನ ವಾಲ್ವಿನ ಮೇಲೆ. ಎಳೆಯಲು ಏನೂ ಇಲ್ಲ. ಬೇಕಾದರೆ ಮೂರೂ ವಾಲ್ವು ಒಟ್ಟಿಗೆ ಒತ್ತಿ ಮೂರನೆಯ ಸ್ಲೈಡ್ ಎಳೆಯಬಹುದು, ದನಿ ಮಬ್ಬಾಗುತ್ತದೆ, ವೇಗವಾಗಿ ಬಂದರೆ ಬೆರಳು ತೊಡರುತ್ತದೆ.

ಮೇಲಿನ ಸ್ಥಾಯಿಯಲ್ಲಿ ಒಂದು ಉಪಾಯ ಸಿಕ್ಕಿತು, ಅದನ್ನು ಹೇಳದೆ ಮುಂದೆ ಹೋಗಲಾರೆ. ಯಾವ ಕೊಳವೆಯಾದರೂ ಸಹಜವಾಗಿ, ತುಟಿ ಬಿಗಿಯಾದಂತೆ ಒಂದರ ಮೇಲೊಂದಾಗಿ ಕೊಡುವ ಸ್ವರಗಳಾದ ಹಾರ್ಮೋನಿಕ್‌ಗಳಲ್ಲಿ ಏಳನೆಯದು ಪಿಯಾನೋ ಸ್ವರಕ್ಕಿಂತ 31 ಸೆಂಟ್ ಕೆಳಗಿರುತ್ತದೆ (ಒಂದು ಮನೆಗೆ 100 ಸೆಂಟ್). ಅದಕ್ಕೇ ಟ್ರಂಪೆಟ್ ಕಲಿಸುವವರು ಮೊದಲ ದಿನದಿಂದ ಅದನ್ನು ಮುಟ್ಟಬೇಡಿ ಅನ್ನುತ್ತಾರೆ, ಎಲ್ಲರೂ ಬೇರೆ ಬೆರಳಿನಿಂದ ಆ ಜಾಗ ದಾಟಿಕೊಳ್ಳುತ್ತಾರೆ. ಮೇಲಿನ ಎಫ್ ಶಾರ್ಪನ್ನು ಎರಡು ಮತ್ತು ಮೂರನೆಯ ವಾಲ್ವಿನಿಂದ ಆ ಏಳನೆಯ ಹಾರ್ಮೋನಿಕ್ಕಿನಲ್ಲಿ ಹಿಡಿದರೆ ಅದು ತಾನಾಗಿಯೇ ಇಳಿದು ಕೂತಿರುತ್ತದೆ, ಮೂರನೆಯ ಸ್ಲೈಡನ್ನು ಇನ್ನೊಂದಿಷ್ಟು ಎಳೆದರೆ ಸಾಕು, ಬಯಾತಿಯ ಎರಡನೆಯ ಸ್ವರ. ಮೇಷ್ಟ್ರು ದೋಷ ಅಂತ ಬಿಡಿಸಿದ್ದು ಇಲ್ಲಿ ಸ್ವರಸ್ಥಾನ. ಗ್ಯಾರೇಜಿನಲ್ಲಿ ಒಬ್ಬಳೇ ನಿಂತು ಇದನ್ನು ಕಂಡುಕೊಂಡ ದಿನ ರಾತ್ರಿ ಊಟಕ್ಕೂ ಒಳಗೆ ಬರಲಿಲ್ಲ ಅಂತ ಗಂಡ ಇವತ್ತಿಗೂ ಆಡಿಕೊಳ್ಳುತ್ತಾರೆ. ಗ್ಯಾರೇಜ್ ಯಾಕೆಂದರೆ, ಮನೆಯೊಳಗೆ ಊದಬೇಕಾದರೆ ಟ್ರಂಪೆಟ್ಟಿನ ಬಾಯಿಗೆ ದನಿ ತಗ್ಗಿಸುವ ಮ್ಯೂಟ್ ಸಿಕ್ಕಿಸಬೇಕು, ಮ್ಯೂಟ್ ಸಿಕ್ಕಿಸಿದರೆ ಶ್ರುತಿಯೇ ಏರುಪೇರು. ಕಾಲು ಸ್ವರ ಅಭ್ಯಾಸ ಮಾಡುವವರು ಮ್ಯೂಟ್ ಹಾಕಿಕೊಂಡರೆ ಅರ್ಧ ಕೆಲಸ ವ್ಯರ್ಥ.

ಇಷ್ಟೆಲ್ಲ ಸರ್ಕಸ್ ಯಾಕೆ, ನಾಲ್ಕು ವಾಲ್ವಿನದ್ದೇ ತಗೋಬಹುದಲ್ಲ ಎಂದು ಕೇಳುವವರಿದ್ದಾರೆ. ಇದೆ, ನಿಜ. ಲೆಬನಾನಿನ ನಸೀಮ್ ಮಾಲೂಫ್, ಪ್ಯಾರಿಸ್ಸಿನಲ್ಲಿ ಮೊರಿಸ್ ಆಂದ್ರೆ ಅವರ ಶಿಷ್ಯ, ಕಾಲು ಸ್ವರ ಇಳಿಸುವ ನಾಲ್ಕನೆಯ ವಾಲ್ವ್ ಸೇರಿಸಿ 1960ರ ದಶಕದಲ್ಲೇ ಟ್ರಂಪೆಟ್ ಮಾಡಿಸಿದರು. ಈಗ ಅವರ ಮಗ ಇಬ್ರಾಹಿಂ ಮಾಲೂಫ್ ಅದನ್ನು ಹಿಡಿದು ಯುರೋಪಿನ ದೊಡ್ಡ ದೊಡ್ಡ ಸಭಾಂಗಣ ತುಂಬಿಸುತ್ತಾರೆ. ಬಹರೇನ್ ಮೂಲದ ಬ್ರಿಟಿಷ್ ವಾದಕಿ ಯಾಝ್ ಅಹ್ಮದ್ ಟ್ರಂಪೆಟ್ಟಿನ ಸೋದರವಾದ್ಯವಾದ ಫ್ಲೂಗಲ್‌ಹಾರ್ನನ್ನು ಕಾಲು ಸ್ವರಕ್ಕೆ ಹೊಂದಿಸಿಕೊಂಡು ನುಡಿಸುತ್ತಾರೆ. ನನಗೆ ಮೂರು ವಾಲ್ವಿನದ್ದೇ ಇಷ್ಟ, ಬರಿಯ ಹಣದ ಮಾತಲ್ಲ. ವಾಲ್ವ್ ಇಳಿಸುವುದು ನಿಗದಿಯಾದ ಒಂದೇ ಅಳತೆ. ಮಕಾಮಿನ ಆ ನಡುವಿನ ಸ್ವರಕ್ಕೆ ಒಂದೇ ಅಳತೆ ಇಲ್ಲ. ರಾಸ್ತ್ ಎಂಬ ಮಕಾಮಿನಲ್ಲಿ ಒಂದು ಎತ್ತರ, ಬಯಾತಿಯಲ್ಲಿ ಅದಕ್ಕಿಂತ ತುಸು ಕೆಳಗೆ. ಬಾಗ್ದಾದಿನದು ಬೇರೆ, ಕೈರೋದ್ದು ಬೇರೆ. ಸ್ಲೈಡ್ ಹಿಡಿದ ಹೆಬ್ಬೆರಳಿಗೆ ಅದು ತಿಳಿಯುತ್ತದೆ. ನಾಲ್ಕನೆಯ ವಾಲ್ವ್ ಇದ್ದವರೂ ತುಟಿಯಿಂದ ತಿದ್ದಿಕೊಳ್ಳುತ್ತಾರೆ ಬಿಡಿ. ನನ್ನ ಮಾತನ್ನು ಪಕ್ಷಪಾತ ಅಂದುಕೊಂಡರೂ ತೊಂದರೆಯಿಲ್ಲ.

ಬೆರಳು ಒಂದು ಹದಕ್ಕೆ ಬಂದ ಮೇಲೆ ಊದ್ ನುಡಿಸುವ ಒಬ್ಬ ಹಿರಿಯರ ಬಳಿ ಹೋದೆ. ಬಾಗ್ದಾದಿನವರು. ನಾನು ಅವರನ್ನು ಉಸ್ತಾದ್ ಅನ್ನುತ್ತೇನೆ, ಅವರು ನನ್ನನ್ನು ಮಗಳೇ ಅನ್ನುತ್ತಾರೆ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ, ಇಸ್ತಿಕಾನ್ ಅಂತಾರೆ ಅದಕ್ಕೆ, ಏಲಕ್ಕಿ ಹಾಕಿದ ಕಪ್ಪು ಚಹಾ ಬರುತ್ತದೆ. ತಳದಲ್ಲಿ ಕರಗದ ಸಕ್ಕರೆ ನಿಂತಿರುತ್ತದೆ. ಮೊದಲ ದಿನ ನಾನು ಏಳನೆಯ ಹಾರ್ಮೋನಿಕ್ಕಿನ ಕಥೆ, ಸೆಂಟ್ ಲೆಕ್ಕ, ಫೋನಿನ ಟ್ಯೂನರ್ ಎಲ್ಲ ತೋರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಒಳ್ಳೆಯದು. ಪೆಟ್ಟಿಗೆ ಮುಚ್ಚು, ಹಾಡು" ಅಂದರು.

ಹಾಡಿದೆ. ರಾಸ್ತ್ ಏರುವಾಗ ಆ ಮೂರನೆಯ ಸ್ವರ ಬಂತು. ಅವರು ಊದ್ ನಿಲ್ಲಿಸಿದರು.

"ಯಾಕೆ ನಡುಗಿಸುತ್ತೀ? ಚಳಿಯೇನು?"

ನಾನು ನಡುಗಿಸುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. ನಮ್ಮ ಕಿವಿಗೆ ಎರಡು ಮನೆಗಳ ನಡುವಿನ ಜಾಗ ಹೊಸದಲ್ಲ, ತೋಡಿಯ ಗಾಂಧಾರ ಅಲ್ಲೆಲ್ಲ ಓಡಾಡಿಕೊಂಡೇ ಇರುತ್ತದೆ. ಆದರೆ ಓಡಾಡುವುದು ಅನ್ನುವುದೇ ಮುಖ್ಯ. ಅದು ರಿಷಭದ ಕಡೆಯಿಂದ ಹೊರಟು ಮಧ್ಯಮದ ಕಡೆಗೆ ತೂಗಿ ಹಿಂದೆ ಬರುತ್ತದೆ. ನಡುವೆ ಎಲ್ಲಿಯೂ ಮನೆ ಕಟ್ಟುವುದಿಲ್ಲ. ತೋಡಿಯ ಗಾಂಧಾರವನ್ನು ಕಂಬದ ಹಾಗೆ ನಿಲ್ಲಿಸಿ ಹಾಡಿದರೆ ನನ್ನ ಹಾಡಿನ ಟೀಚರ್ ಎದ್ದು ಹೋಗುತ್ತಿದ್ದರು. ಇಲ್ಲಿ ಕಂಬದ ಹಾಗೆ ನಿಲ್ಲಬೇಕು. ನಿಂತಾಗ ಮಾತ್ರ ಆ ಸ್ವರದ ಬಣ್ಣ ಕಾಣುತ್ತದೆ, ಅಲುಗಿದರೆ ಕಲಸಿಹೋಗುತ್ತದೆ. ಅಲಂಕಾರ ಇಲ್ಲವೆಂದಲ್ಲ, ಮಕಾಮ್ ಹಾಡುವವರ ಗಂಟಲಿನಲ್ಲಿ ತಿರುವುಗಳಿಗೆ ಕೊರತೆಯಿಲ್ಲ. ಬಂದು ಸೇರುವ ಜಾಗ ಮಾತ್ರ ಗಟ್ಟಿ. ನಮ್ಮಲ್ಲಿ ಗಮಕ ಸ್ವರದ ದೇಹವೇ ಆಗಿದೆ, ಅದನ್ನು ಬಿಡಿಸಿ ನೋಡುವ ಅಭ್ಯಾಸ ನನಗಿರಲಿಲ್ಲ.

ತಂಬೂರಿ ಆ್ಯಪ್ ಹಾಕಿಕೊಂಡು ಸಾಧನೆ ಮಾಡುತ್ತಿದ್ದೆ. ಅದನ್ನೂ ಆರಿಸಲು ಹೇಳಿದರು. ತಂಬೂರಿ ಇದ್ದರೆ ಪ್ರತಿ ಸ್ವರವನ್ನೂ ಷಡ್ಜದಿಂದ ಅಳೆಯುತ್ತೇವೆ. ಮಕಾಮಿನವರು ಯೋಚಿಸುವುದು ಮೂರು, ನಾಲ್ಕು, ಐದು ಸ್ವರಗಳ ತುಣುಕುಗಳಲ್ಲಿ, ಅದಕ್ಕೆ ಜಿನ್ಸ್ ಅನ್ನುತ್ತಾರೆ. ನಮ್ಮ ಪೂರ್ವಾಂಗ, ಉತ್ತರಾಂಗದ ತರಹ ಅಂದುಕೊಂಡರೆ ಅರ್ಧ ಅರ್ಥವಾದ ಹಾಗೆ. ಇನ್ನರ್ಧ ಏನೆಂದರೆ, ಮೇಲಿನ ತುಣುಕಿಗೆ ಹೋದಾಗ ನೆಲವೂ ಅಲ್ಲಿಗೇ ಹೋಗುತ್ತದೆ. ಪಂಚಮದಲ್ಲಿ ಹೊಸ ಜಿನ್ಸ್ ಶುರುವಾದರೆ ಆ ಹೊತ್ತಿಗೆ ಪಂಚಮವೇ ಮನೆ. ಕೆಳಗೆ ತಂಬೂರಿ ಸಾ ಪಾ ಅನ್ನುತ್ತಿದ್ದರೆ ಆ ಸ್ಥಳಾಂತರ ಮನಸ್ಸಿಗೆ ಹತ್ತುವುದಿಲ್ಲ.

ಹಿಜಾಝ್ ಎಂಬ ಮಕಾಮ್ ಬಂದಾಗ ಸ್ವಲ್ಪ ಕೊಬ್ಬಿದೆ. ಸಾ, ಶುದ್ಧ ರಿ, ಅಂತರ ಗಾ, ಮಾ. ಮಾಯಾಮಾಳವಗೌಳದ ಪೂರ್ವಾಂಗ, ಸರಳೆ ವರಸೆಯಿಂದ ಬಾಯಿಪಾಠ. ಉಸ್ತಾದರು ತಲೆ ಅಲ್ಲಾಡಿಸಿದರು: ರಿಷಭ ಇನ್ನೊಂಚೂರು ಮೇಲೆ, ಗಾಂಧಾರ ಇನ್ನೊಂಚೂರು ಕೆಳಗೆ. ಅವೆರಡರ ನಡುವಿನ ಕಂದರವನ್ನು ಅವರು ಕಿರಿದು ಮಾಡಿಕೊಳ್ಳುತ್ತಾರೆ. ಹಾಗೆ ಹಾಡಿದಾಗ ಭಕ್ತಿಯ ಬೆಳಗಿನ ರಾಗ ಹೋಗಿ ಬೇರೇನೋ ಬಂತು. "ಇದು ನಮ್ಮಲ್ಲೂ ಇದೆ" ಅನ್ನುವ ಮಾತನ್ನು ಅವರ ಮನೆಯಲ್ಲಿ ನಾನು ಅಲ್ಲಿಂದಾಚೆಗೆ ಕಮ್ಮಿ ಮಾಡಿದೆ.

ಇರಾಕಿ ಮಕಾಮ್ ಅಂದರೆ ಬರಿಯ ಸ್ವರಮಾಲೆಯಲ್ಲ, ಅದೊಂದು ನಡೆದುಹೋಗಬೇಕಾದ ದಾರಿ. ತಹರೀರ್ ಎಂಬ ಆರಂಭ; ಅದರಲ್ಲಿ 'ಅಮಾನ್', 'ಯಾರ್' ಎಂಬಂಥ ಪಾರಸಿ, ತುರ್ಕಿ ಮಾತುಗಳು ಬರುತ್ತವೆ, ಕವಿತೆ ಇನ್ನೂ ಶುರುವಾಗಿರುವುದಿಲ್ಲ. ಆಮೇಲೆ ಕವಿತೆ, ನಡುನಡುವೆ ಇಂಥ ಜಾಗದಲ್ಲಿ ಇಂಥ ತುಣುಕು ಬಂದೇ ತೀರಬೇಕೆಂಬ ಕಟ್ಟಳೆ. ಮಯಾನಾ ಅಂದರೆ ತಾರಸ್ಥಾಯಿಯ ಕೂಗು. ಕೊನೆಗೆ ತಸ್ಲೀಮ್, ಇಳಿದು ಒಪ್ಪಿಸುವುದು. ಅದರ ಬೆನ್ನಿಗೆ ಪಸ್ತಾ ಎಂಬ ಲಘುವಾದ ಹಾಡು, ಅಲ್ಲಿ ಕೂತವರೆಲ್ಲ ದನಿಗೂಡಿಸುತ್ತಾರೆ. ಸಂತೂರ್, ಜೋಝಾ ಎಂಬ ತೆಂಗಿನ ಚಿಪ್ಪಿನ ಪಿಟೀಲು, ತಾಳವಾದ್ಯ, ಇಷ್ಟೇ ಮೇಳ. 1932ರ ಕೈರೋ ಅರಬ್ ಸಂಗೀತ ಸಮ್ಮೇಳನಕ್ಕೆ ಮುಹಮ್ಮದ್ ಅಲ್-ಕುಬ್ಬಾಂಜಿ ಇರಾಕಿನ ತಂಡದೊಂದಿಗೆ ಹೋಗಿ ಹಾಡಿದಾಗ ಅವರ ಪಕ್ಕವಾದ್ಯದವರಲ್ಲಿ ಹೆಚ್ಚಿನವರು ಬಾಗ್ದಾದಿನ ಯಹೂದಿಗಳು. ಆ ಸಮ್ಮೇಳನಕ್ಕೆ ಯುರೋಪಿನ ಸಂಗೀತ ಸಂಯೋಜಕರಾದ ಬಾರ್ಟೋಕ್ ಬಂದಿದ್ದರು, ಹಿಂಡೆಮಿತ್ ಬಂದಿದ್ದರು. ಅಲ್ಲಿ ಜೋರಾಗಿ ನಡೆದ ಜಗಳಗಳಲ್ಲೊಂದು, ಪಿಯಾನೋವನ್ನು ಅರಬ್ ಸಂಗೀತದೊಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂಬುದು.

ಅದೇ ಜಗಳ ನಮ್ಮ ಗುಂಪಿನ ನೆಲಮಾಳಿಗೆಗೂ ಬಂತು.

ರಾಸ್ತ್‌ನಲ್ಲಿ ನಾನೊಂದು ಸಣ್ಣ ರಚನೆ ಬರೆದಿದ್ದೆ. ಬಾಸ್ ಷಡ್ಜ ಹಿಡಿದ, ನಾನು ಆ ನಡುವಿನ ಗಾಂಧಾರಕ್ಕೆ ಬಂದು ನಿಂತೆ, ಪಿಯಾನೋದವರು ಅಭ್ಯಾಸಬಲದಿಂದ ಮೇಜರ್ ಕಾರ್ಡ್, ಅಂದರೆ ಅಂತರ ಗಾಂಧಾರ ಸೇರಿದ ಸ್ವರಗುಚ್ಛ, ಇಟ್ಟರು. ಹಲ್ಲಿಗೆ ಮರಳು ಸಿಕ್ಕ ಹಾಗಾಯಿತು. ಸಾಧಾರಣ ಗಾಂಧಾರದ ಮೈನರ್ ಇಟ್ಟರು, ಮರಳು ಇನ್ನೊಂದು ಕಡೆಯ ಹಲ್ಲಿಗೆ ಬಂತು. ಅವರು ನಿವೃತ್ತ ಶಾಲಾ ಶಿಕ್ಷಕರು, ಸಹನೆಯುಳ್ಳವರು. "ನೀನು ಸರಿಯಿದ್ದೀಯ, ನಾನೂ ಸರಿಯಿದ್ದೀನಿ, ಇಬ್ಬರೂ ಸೇರಿದರೆ ತಪ್ಪು" ಅಂದರು. ಬಾಸಿನವನು ಮಾತ್ರ ಕಣ್ಣರಳಿಸಿ, ಇದು ಬ್ಲೂ ನೋಟ್ ತಾನೇ, ಬ್ಲೂಸ್‌ನಲ್ಲಿ ನಾವು ದಿನಾ ಹಾಡುವುದು ಇದೇ ಅಂದ. ನನಗೂ ಹೌದೆನಿಸಿತು. ಮುಂದಿನ ಪಾಠದಲ್ಲಿ ಉಸ್ತಾದರಿಗೆ ಬ್ಲೂಸ್ ಕೇಳಿಸಿದೆ. ಅವರು ಸಂತೋಷಪಟ್ಟು ಎರಡು ಸಲ ಕೇಳಿದರು. ಆಮೇಲೆ, ಈ ಹಾಡುಗಾರ ಅಲ್ಲಿ ನೋವಿನಿಂದ ಬಾಗುತ್ತಿದ್ದಾನೆ, ಬಾಗಿ ಬೇರೆ ಕಡೆ ಹೋಗುತ್ತಾನೆ. ನೀನು ಅಲ್ಲಿ ವಾಸ ಮಾಡಬೇಕು ಅಂದರು. ಮೈಸೂರಿನ ಕಿವಿ ಅದನ್ನು ಗಮಕ ಅಂತು, ಶಿಕಾಗೋ ಕಿವಿ ಬ್ಲೂ ನೋಟ್ ಅಂತು. ಇಬ್ಬರಿಗೂ ಅದು ಪರಿಚಯದ ಮುಖವಾಗಿ ಕಂಡಿತು, ಇಬ್ಬರೂ ಅದನ್ನು ನಿಲ್ಲಗೊಡಲಿಲ್ಲ.

ಇಷ್ಟರ ನಂತರ ಎಲ್‌ಸಫಾರ್ ಅವರ ಆಲ್ಬಂಗಳನ್ನು ಮತ್ತೆ ಮೊದಲಿನಿಂದ ಕೇಳಿದೆ, ಈ ಸಲ ಟ್ರಂಪೆಟ್ ಬಿಟ್ಟು ಉಳಿದವರೇನು ಮಾಡುತ್ತಾರೆ ಎಂದು. ಟು ರಿವರ್ಸ್ ಗುಂಪಿನಲ್ಲಿ ಪಿಯಾನೋವೇ ಇಲ್ಲ. 2013ರ 'ಆಲ್ಕೆಮಿ' ಬರುವ ಹೊತ್ತಿಗೆ ಧೈರ್ಯವಾಗಿ ಪಿಯಾನೋ ಇಟ್ಟುಕೊಂಡಿದ್ದಾರೆ. 2017ರ 'ನಾಟ್ ಟು' ಹೊತ್ತಿಗೆ ರಿವರ್ಸ್ ಆಫ್ ಸೌಂಡ್ ಎಂಬ 17 ಜನರ ಮೇಳ: ಪಿಯಾನೋ, ವೈಬ್ರಾಫೋನ್, ಗಿಟಾರ್, ಜೊತೆಗೆ ಊದ್, ಸಂತೂರ್, ಜೋಝಾ, ಓಬೋ, ಚೆಲ್ಲೊ. ರಾಜ್ನಾ ಸ್ವಾಮಿನಾಥನ್ ಅವರ ಮೃದಂಗ ಬೇರೆ. ಕೇಳುತ್ತಾ ಕೇಳುತ್ತಾ ನನಗೆ ತಿಳಿದಷ್ಟು ಹೇಳುತ್ತೇನೆ: ಅಲ್ಲಿ ಕಾರ್ಡ್ ಬಂದು ರಾಗವನ್ನು ಹೊತ್ತುಕೊಳ್ಳುವುದಿಲ್ಲ. ಒಂದರ ಮೇಲೊಂದು ಸಾಲುಗಳು ಹರಿಯುತ್ತವೆ, ಒಂದು ವಾದ್ಯದ ಸ್ವರ ಇನ್ನೊಂದಕ್ಕೆ ಉಜ್ಜಿದಾಗ ಹುಟ್ಟುವ ಮೊರೆತವನ್ನು ಮುಚ್ಚಿಡದೆ ಹಾಗೇ ಮೊಳಗಲು ಬಿಡುತ್ತಾರೆ. ಪಿಯಾನೋಗೆ ಹೊರಗೆ ಹೋಗು ಅಂದಿಲ್ಲ, ಯಜಮಾನಿಕೆ ಮಾತ್ರ ಕೊಟ್ಟಿಲ್ಲ. ಅರಬ್ ರಾಗದ ಹಿಂದೆ ಜಾಝ್ ಕಾರ್ಡ್ ಇಟ್ಟು 'ಫ್ಯೂಷನ್' ಅನ್ನುವ ಸರಕು ಪೇಟೆಯಲ್ಲಿ ಬೇಕಾದಷ್ಟಿದೆ. ಅಲ್ಲೆಲ್ಲ ಮೊದಲು ಸಾಯುವುದು ಈ ನಡುವಿನ ಸ್ವರವೇ. ಅದನ್ನು ಅರ್ಧ ಮನೆ ಆಚೀಚೆ ತಳ್ಳಿ ಪಿಯಾನೋಗೆ ಹೊಂದಿಸಿಬಿಟ್ಟರೆ ಯಾವ ತಂಟೆಯೂ ಇಲ್ಲ, ಹಿಜಾಝ್ ಒಂದನ್ನೇ ತಿರುಗಿಸಿ ಮುರುಗಿಸಿ ನುಡಿಸಿದರೆ ಮರುಭೂಮಿ, ಒಂಟೆ ಎಲ್ಲ ಕಣ್ಣಿಗೆ ಬರುತ್ತದೆ.

ನಮ್ಮ ಪಿಯಾನೋದವರು ಮೂರು ದಾರಿ ನೋಡಿದರು. ಗಾಂಧಾರವನ್ನೇ ಬಿಟ್ಟು ಬರಿಯ ಷಡ್ಜ, ಪಂಚಮ ಹಿಡಿಯುವುದು. ಸುರಕ್ಷಿತ, ಹತ್ತು ನಿಮಿಷ ಕೇಳಿದರೆ ಆಕಳಿಕೆ. ಪ್ರತಿ ಸ್ವರದ ಮೇಲೆ ಅದರಿಂದ ನಾಲ್ಕನೆಯ ಸ್ವರವನ್ನು ಪೇರಿಸುತ್ತಾ ಹೋಗುವುದು. ಚೆನ್ನಾಗಿತ್ತು, ಆದರೆ 1960ರ ದಶಕದ ಜಾಝ್ ಆಗಿಬಿಡುತ್ತಿತ್ತು. ಮೂರನೆಯದು ಅವರೇ ತಮಾಷೆಗೆ ಮಾಡಿದ್ದು: ಎರಡೂ ಗಾಂಧಾರವನ್ನು ಒಟ್ಟಿಗೆ, ಮೆಲ್ಲಗೆ, ಎತ್ತರದ ಸ್ಥಾಯಿಯಲ್ಲಿ ಒತ್ತಿ ಪೆಡಲ್ ಹಿಡಿದುಬಿಟ್ಟರು. ಆ ಎರಡರ ನಡುವಿನ ಸಂದಿಯಲ್ಲಿ ನನ್ನ ಸ್ವರ ಬಂದು ಕೂತಿತು. ಕಚ್ಚಾಟ ಇತ್ತು, ಆದರೆ ಯಾರ ಪಕ್ಷವನ್ನೂ ಹಿಡಿಯದ ಕಚ್ಚಾಟ. ಅದನ್ನೇ ಇಟ್ಟುಕೊಂಡೆವು.

ತಾಳದಲ್ಲಿ ಅಷ್ಟು ಕಷ್ಟವಾಗಲಿಲ್ಲ. ಜುರ್ಜಿನಾ ಎಂಬ ಇರಾಕಿ ತಾಳಕ್ಕೆ ಹತ್ತು ಅಕ್ಷರ, ಮೂರು ಎರಡು ಎರಡು ಮೂರು. ತಕಿಟ ತಕ ತಕ ತಕಿಟ ಎಂದು ಡ್ರಮ್ಸ್ ಹುಡುಗನಿಗೆ ಬಾಯಲ್ಲಿ ಹೇಳಿಕೊಟ್ಟೆ, ಅರ್ಧ ಗಂಟೆಯಲ್ಲಿ ಕೈಗೆ ಬಂತು.

ನಮ್ಮ ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಭಾನುವಾರ ಮಧ್ಯಾಹ್ನ ನುಡಿಸಿದೆವು. ಒಂದು ಕಡೆ ನಮ್ಮ ಜಾಝ್ ಸ್ನೇಹಿತರು, ಕೆಲವು ಕನ್ನಡ ಕೂಟದವರು. ಇನ್ನೊಂದು ಕಡೆ ಉಸ್ತಾದರು ಕರೆತಂದ ಇರಾಕಿ, ಸಿರಿಯನ್ ಕುಟುಂಬಗಳು. ಜಾಝ್ ಕೇಳುವವರು ಸೋಲೋ ಮುಗಿದ ಮೇಲೆ ಚಪ್ಪಾಳೆ ಹೊಡೆಯುತ್ತಾರೆ. ಅರಬ್ ಕೇಳುಗರು ಹಾಗಲ್ಲ, ಸ್ವರಗಳು ಸುತ್ತಿಬಂದು ಮನೆ ಸೇರುವ ಜಾಗ ಇದೆಯಲ್ಲ, ಕಫ್ಲಾ ಅನ್ನುತ್ತಾರೆ, ಅಲ್ಲಿ 'ಅಲ್ಲಾಹ್' ಎಂದು ನಿಟ್ಟುಸಿರಿನಂತೆ ಹೇಳುತ್ತಾರೆ. ನಮ್ಮವರ 'ಭಲೇ' ಇದಕ್ಕೆ ಹತ್ತಿರ, ಆದರೆ ಈ 'ಅಲ್ಲಾಹ್' ಎಲ್ಲಿ ಬೇಕಾದರೂ ಬೀಳುವುದಿಲ್ಲ. ಮೊದಲ ರಚನೆ ಮುಗಿಯಿತು. ಒಂದು ಕಡೆ ಭರ್ತಿ ಚಪ್ಪಾಳೆ, ಇನ್ನೊಂದು ಕಡೆ ಸೌಜನ್ಯದ ಚಪ್ಪಾಳೆ. ಎರಡನೆಯದು ಬಯಾತಿ. ಮೇಲಿನ ಸ್ಥಾಯಿಯಲ್ಲಿ ಆ ಏಳನೆಯ ಹಾರ್ಮೋನಿಕ್ಕಿನ ಸ್ವರ ಹಿಡಿದು ನಿಂತು, ಒಂದೊಂದೇ ಮೆಟ್ಟಿಲು ಇಳಿದು ಮನೆಗೆ ಬಂದಾಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿಯ ಗಂಟಲಿನಲ್ಲಿ ಅದು ಬಂತು, ಸಣ್ಣದಾಗಿ. ಅದೇ ಹೊತ್ತಿಗೆ ಜಾಝ್‌ನವರು ಸೋಲೋ ಮುಗಿಯಿತೆಂದು ಚಪ್ಪಾಳೆ ಶುರು ಮಾಡಿದರು. ಮುಗಿದಿರಲಿಲ್ಲ, ನಾನು ಇನ್ನೊಂದು ಜಿನ್ಸ್‌ಗೆ ಹೊರಟಿದ್ದೆ. ಚಪ್ಪಾಳೆಯ ಮೇಲೆಯೇ ನುಡಿಸಿಕೊಂಡು ಹೋದೆ. ಕನ್ನಡ ಕೂಟದ ಒಬ್ಬರು ಆಮೇಲೆ ಬಂದು "ತುಂಬಾ ಚೆನ್ನಾಗಿತ್ತು ರೀ, ಸ್ವಲ್ಪ ಶ್ರುತಿ ಮಾತ್ರ ನೋಡ್ಕೊಳ್ಳಿ" ಅಂದರು. ಅವರ ಕಿವಿಯೂ ಸುಳ್ಳು ಹೇಳಲಿಲ್ಲ.

ಉಸ್ತಾದರು ಕಾರಿನ ತನಕ ಬಂದು, ರಾಸ್ತ್‌ನ ಗಾಂಧಾರ ಇವತ್ತು ಬಯಾತಿ ಕಡೆಗೆ ಇಳಿದಿತ್ತು, ಗಮನಿಸಿದೆಯಾ ಎಂದು ಕೇಳಿದರು. ಗಮನಿಸಿದ್ದೆ. ಮೊದಲ ಸ್ಲೈಡಿಗೆ ಎಣ್ಣೆ ಹೆಚ್ಚಾಗಿ ಹೆಬ್ಬೆರಳು ಬಿಟ್ಟಾಗ ಪೂರ್ತಿ ಹಿಂದೆ ಸರಿಯುತ್ತಿರಲಿಲ್ಲ. ವಾದ್ಯ ರಿಪೇರಿಯವನ ಬಳಿ ಹೋಗಿ ಅದಕ್ಕೊಂದು ಸ್ಪ್ರಿಂಗಿನ ಟ್ರಿಗರ್ ಹಾಕಿಸಿದ್ದೇನೆ. ಎಳೆದರೆ ಹೋಗುತ್ತದೆ, ಬಿಟ್ಟರೆ ತಾನಾಗಿ ಬರುತ್ತದೆ. ಮೂರನೆಯದಕ್ಕೂ ಹಾಕಿಸೋಣವೆಂದರೆ ಆ ಬೆರಳಿಗೆ ಜಾಗವಿಲ್ಲವಂತೆ.

ಈಗ ಸಬಾ ಎಂಬ ಮಕಾಮ್ ಶುರುವಾಗಿದೆ. ಬಯಾತಿಯ ಹಾಗೇ ಹೊರಟು ನಾಲ್ಕನೆಯ ಸ್ವರ ಕುಗ್ಗಿಬಿಡುತ್ತದೆ, ಅಲ್ಲಿಂದ ಮೂರನೆಯ ಸ್ವರದ ಮೇಲೆ ಹಿಜಾಝ್ ಏಳುತ್ತದೆ, ಮೇಲಿನ ಷಡ್ಜ ಕೆಳಗಿನ ಷಡ್ಜಕ್ಕೆ ಹೊಂದುವುದೇ ಇಲ್ಲ. ಸ್ವರಗಳನ್ನು ಕಾಗದದ ಮೇಲೆ ಬರೆದು ಪಿಯಾನೋದವರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, ಈ ಹಾಡಿಗೆ ತಾವು ಚಹಾ ಮಾಡಿಕೊಡುವುದಾಗಿ ಹೇಳಿದ್ದಾರೆ.